ಬೆನ್ನುನೋವಿನ ಯುವಕ ನೌಕಾಪಡೆ ಸೇರಿದ್ದು ಹೇಗೆ: ಕೆನಡಿ ಪ್ರಕರಣ

1941ರಲ್ಲಿ 24ರ ಹರೆಯದ ಒಬ್ಬ ಯುವಕ ಅಮೆರಿಕದ ಭೂಸೇನೆಯಲ್ಲಿ ಅಧಿಕಾರಿಯಾಗಲು ಹೋದರು. ಮೆಡಿಕಲ್‌ನಲ್ಲಿ ಫೇಲ್. ನೌಕಾಪಡೆಗೆ ಹೋದರು. ಅಲ್ಲೂ ಫೇಲ್. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಅವರು ನೌಕಾಪಡೆಯ ಮೀಸಲು ದಳದಲ್ಲಿ ಎನ್‌ಸೈನ್, ಅಂದರೆ ಎಲ್ಲರಿಗಿಂತ ಕಿರಿಯ ದರ್ಜೆಯ ಅಧಿಕಾರಿ. ಎರಡು ವರ್ಷ ತುಂಬುವ ಮೊದಲೇ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ನಡುವೆ ಒಂದು ಯುದ್ಧದೋಣಿ ಅವರ ಕೈಯಲ್ಲಿತ್ತು. ಹೆಸರು ಜಾನ್ ಎಫ್. ಕೆನಡಿ, ಮುಂದೆ ಅಮೆರಿಕದ ಅಧ್ಯಕ್ಷರಾದವರು.

ದೋಣಿಯ ಕಥೆ ಬಹಳ ಜನರಿಗೆ ಗೊತ್ತು. ನಾನು ನೋಡಲು ಹೊರಟಿರುವುದು ಅದರ ಹಿಂದಿನ ಮೆಡಿಕಲ್ ಫೈಲನ್ನು. ಅದಕ್ಕೆ ಕಾರಣ ಇದೆ. ಅಮೆರಿಕದ ಸೈನ್ಯ ಸೇರಲು ವೈದ್ಯಕೀಯ ವಿನಾಯಿತಿ, ಅಂದರೆ ವೇವರ್, ಕೇಳಲು ಹೊರಟವರ ಬಾಯಲ್ಲಿ ಈ ಹೆಸರು ಸುಲಭವಾಗಿ ಬರುತ್ತದೆ. ಅಷ್ಟೊಂದು ಕಾಯಿಲೆ ಇದ್ದ ಕೆನಡಿಯನ್ನೇ ತೆಗೆದುಕೊಂಡರು, ನನ್ನನ್ನು ಯಾಕೆ ಬೇಡ ಅನ್ನುತ್ತಾರೆ ಅನ್ನುವ ಪ್ರಶ್ನೆ ಅದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೆನಡಿಗೆ ವೇವರ್ ಸಿಗಲೇ ಇಲ್ಲ. ಅವರ ಕಾಯಿಲೆಗಳು ಕಾಗದದ ಮೇಲಿಂದ ಮಾಯವಾದವು, ಅಷ್ಟೆ. ವೇವರ್ ಅಂದರೆ ಯಾರೋ ಒಬ್ಬರು ಫೈಲನ್ನು ಪೂರ್ತಿ ಓದಿ, "ಈ ತೊಂದರೆ ಇರುವುದು ನಮಗೆ ಗೊತ್ತು, ಆದರೂ ಇಂಥ ಕೆಲಸಕ್ಕೆ ತೆಗೆದುಕೊಳ್ಳಬಹುದು" ಎಂದು ಸಹಿ ಹಾಕುವುದು. ಕೆನಡಿ ವಿಷಯದಲ್ಲಿ ಆ ಓದು ನಡೆಯಲಿಲ್ಲ. ಅದರಿಂದ ಮುಂದೆ ಏನೇನಾಯಿತು ಅನ್ನುವುದೇ ಈ ಪ್ರಕರಣದ ತಿರುಳು.

ಅರ್ಜಿ ಹಾಕುವ ಮುಂಚಿನ ಫೈಲ್

ಕೆನಡಿ ಕುಟುಂಬ ಅವರ ವೈದ್ಯಕೀಯ ದಾಖಲೆಗಳನ್ನು ದಶಕಗಳ ಕಾಲ ಮುಚ್ಚಿಟ್ಟಿತ್ತು. 2002ರ ಹೊತ್ತಿಗೆ ಒಬ್ಬ ಇತಿಹಾಸಕಾರರಿಗೆ, ಜೊತೆಗೆ ಒಬ್ಬ ವೈದ್ಯರಿಗೆ, ಅವನ್ನು ನೋಡಲು ಬಿಟ್ಟರು. ಆಮೇಲೆಯೇ ಇಡೀ ಚಿತ್ರ ಹೊರಗೆ ಬಂದದ್ದು.

ಅದು ಸಣ್ಣ ಪಟ್ಟಿಯಲ್ಲ. ಮೂರು ವರ್ಷ ತುಂಬುವ ಮೊದಲೇ ಸ್ಕಾರ್ಲೆಟ್ ಜ್ವರ ಬಂದು ಜೀವಕ್ಕೇ ಕುತ್ತಾಗಿತ್ತು. ಚೋಟ್ ಎಂಬ ವಸತಿ ಶಾಲೆಯಲ್ಲಿ ಓದುವಾಗ ಪಾಠಕ್ಕಿಂತ ಶಾಲೆಯ ಆಸ್ಪತ್ರೆಯ ನೆನಪೇ ಜಾಸ್ತಿ ಇರಬೇಕು, ಅಷ್ಟು ಸಲ ಮಲಗಿದ್ದರು. 1934ರಲ್ಲಿ 17ನೇ ವಯಸ್ಸಿಗೆ ಮಿನ್ನೆಸೋಟದ ಮೇಯೋ ಕ್ಲಿನಿಕ್‌ಗೆ ಕಳಿಸಿದರು. ವಾರಗಟ್ಟಲೆ ಪರೀಕ್ಷೆ ಮಾಡಿ ಕರುಳಿನ ಉರಿಯೂತ, ಕೊಲೈಟಿಸ್, ಎಂದರು. 1935ರಲ್ಲಿ ಓದಲು ಲಂಡನ್‌ಗೆ ಹೋದರು, ಕಾಯಿಲೆ ಬಿದ್ದು ವಾಪಸ್ ಬಂದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಸೇರಿದರು, ಮೊದಲ ವರ್ಷವೂ ಮುಗಿಯಲಿಲ್ಲ. ಮರುವರ್ಷ ಹಾರ್ವರ್ಡ್ ಸೇರಿ 1940ರಲ್ಲಿ ಪದವಿ ಮುಗಿಸಿದರು.

ಇದರ ಮೇಲೆ ಬೆನ್ನು. ಹಾರ್ವರ್ಡ್‌ನಲ್ಲಿ ಫುಟ್‌ಬಾಲ್ ಆಡುವಾಗ ಪೆಟ್ಟಾಯಿತು ಎಂಬುದು ಕುಟುಂಬ ಹೇಳಿಕೊಂಡು ಬಂದ ಮಾತು. ಶುರು ಎಲ್ಲಿಂದಲೇ ಆಗಿರಲಿ, 1940ರ ಹೊತ್ತಿಗೆ ಸೊಂಟದ ಹತ್ತಿರದ ನೋವು ಬರುವುದು ಹೋಗುವುದು ಮಾಮೂಲಾಗಿತ್ತು. ಬಾಸ್ಟನ್‌ನ ವೈದ್ಯರು ನೋಡುತ್ತಿದ್ದರು.

ಎರಡನೇ ಮಹಾಯುದ್ಧದ ಹಿನ್ನೆಲೆಯಲ್ಲಿ 1940ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಕಡ್ಡಾಯ ಸೈನಿಕ ಸೇವೆಯ ಕಾನೂನು ತಂದಿತು. ಯುವಕರೆಲ್ಲ ಹೆಸರು ನೋಂದಾಯಿಸಬೇಕು, ಚೀಟಿ ಎತ್ತಿ ಕರೆಯುತ್ತಾರೆ. ಆಗ ಕೆನಡಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ಅವರ ಸಂಖ್ಯೆ 2748. ಅಕ್ಟೋಬರ್‌ನಲ್ಲಿ ಚೀಟಿ ಎತ್ತಿದಾಗ ಅದು 18ನೆಯದಾಗಿ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಯುದ್ಧ ತಪ್ಪಿಸಿಕೊಳ್ಳುವ ಮನಸ್ಸಿದ್ದಿದ್ದರೆ ಕೆನಡಿಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ನಿಜ ಹೇಳಿದ್ದರೆ ಸಾಕಿತ್ತು. "4-ಎಫ್", ಅಂದರೆ ಸೇವೆಗೆ ಅನ್‌ಫಿಟ್ ಎಂದು ಬರೆದು ಮನೆಗೆ ಕಳಿಸುತ್ತಿದ್ದರು. ಆ ಯುದ್ಧದಲ್ಲಿ ಪರೀಕ್ಷೆಗೆ ಬಂದ ಸುಮಾರು 1.8 ಕೋಟಿ ಜನರಲ್ಲಿ 64 ಲಕ್ಷದಷ್ಟು ಮಂದಿ ದೈಹಿಕ ಇಲ್ಲವೇ ಮಾನಸಿಕ ಕಾರಣಕ್ಕೆ ಹೀಗೆ ವಾಪಸ್ ಹೋದರು. ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ತಂದೆ ಜೋಸೆಫ್ ಕೆನಡಿಯವರಿಗಂತೂ ಅಮೆರಿಕ ಈ ಯುದ್ಧಕ್ಕೆ ಇಳಿಯುವುದೇ ಬೇಡವಾಗಿತ್ತು. ಆದರೆ ಅಣ್ಣ ಜೋ 1941ರಲ್ಲಿ ನೌಕಾಪಡೆಯ ಪೈಲಟ್ ತರಬೇತಿಗೆ ಸೇರಿಯಾಗಿತ್ತು. ತಮ್ಮನಾದ ಕೆನಡಿ ಹಿಂದೆ ಉಳಿಯಲು ಒಪ್ಪಲಿಲ್ಲ. ಈ ಆಸೆಯ ಬಗ್ಗೆ ನನಗೆ ಗೌರವ ಇದೆ. ಮುಂದೆ ನಾನು ಮಾಡುವ ಟೀಕೆ ಆ ಆಸೆಯ ಮೇಲಲ್ಲ.

ಎರಡನೇ ಮೆಡಿಕಲ್

ಜೋಸೆಫ್ ಕೆನಡಿ 1938ರಿಂದ 1940ರವರೆಗೆ ಲಂಡನ್‌ನಲ್ಲಿ ಅಮೆರಿಕದ ರಾಯಭಾರಿ. ಆಗ ಅದೇ ರಾಯಭಾರ ಕಚೇರಿಯಲ್ಲಿ ನೌಕಾಪಡೆಯ ಪ್ರತಿನಿಧಿಯಾಗಿದ್ದವರು ಕ್ಯಾಪ್ಟನ್ ಅಲನ್ ಕರ್ಕ್. 1941ರಲ್ಲಿ ಕರ್ಕ್ ವಾಷಿಂಗ್ಟನ್‌ಗೆ ಬಂದು ನೌಕಾ ಗುಪ್ತಚರ ವಿಭಾಗದ ಮುಖ್ಯಸ್ಥರಾದರು. ಮಗ ಎರಡು ಕಡೆ ಫೇಲಾದ ಮೇಲೆ ತಂದೆ ಅವರಿಗೆ ಪತ್ರ ಬರೆದರು. ಬಾಸ್ಟನ್‌ನಲ್ಲಿರುವ ನಿಮ್ಮ ಪರಿಚಯದ ವೈದ್ಯರ ಬಳಿ ಜ್ಯಾಕ್‌ನನ್ನು (ಜಾನ್ ಕೆನಡಿಯನ್ನು ಕರೆಯುತ್ತಿದ್ದ ಹೆಸರು) ಪರೀಕ್ಷೆಗೆ ಕಳಿಸುತ್ತಿದ್ದೇನೆ, ಆಮೇಲೆ ಅವನು ನಿಮ್ಮ ವಿಭಾಗ ಸೇರಬಹುದು ಅಂದುಕೊಂಡಿದ್ದೇನೆ ಅನ್ನುವುದು ಅದರ ಸಾರ. ನಮ್ಮ ಕಡೆ ಇದಕ್ಕೆ ವಶೀಲಿ ಅನ್ನುತ್ತಾರೆ.

ಆ ಬೇಸಿಗೆಯಲ್ಲಿ ಎರಡನೇ ಪರೀಕ್ಷೆ ನಡೆಯಿತು. ಈ ಸಲ ಪಾಸ್. ವರದಿ ಓದಿದರೆ ಈ ಮನುಷ್ಯನಿಗೆ ಹುಟ್ಟಿದಾಗಿನಿಂದ ಗಂಭೀರ ಕಾಯಿಲೆಯೇ ಬಂದಿಲ್ಲವೇನೋ ಅನ್ನಿಸುತ್ತದೆ ಎಂದು ಅದನ್ನು ನೋಡಿದವರು ಬರೆದಿದ್ದಾರೆ. ಮೇಯೋ ಕ್ಲಿನಿಕ್‌ನ ವಾರಗಳು ಎಲ್ಲಿ ಹೋದವು? ಬೆನ್ನು ಎಲ್ಲಿ ಹೋಯಿತು?

ಹಳೆಯ ಪುಸ್ತಕಗಳಲ್ಲಿ ಬೇರೆ ಕಥೆ ಇತ್ತು. ಕೆನಡಿ ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಬೆನ್ನನ್ನು ಗಟ್ಟಿ ಮಾಡಿಕೊಂಡು ಪಾಸಾದರು ಎಂದು. ಚುನಾವಣೆಯ ಕಾಲಕ್ಕೆ ಚೆನ್ನಾಗಿ ಒಪ್ಪುವ ಕಥೆ. ವ್ಯಾಯಾಮ ಮಾಡಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವ್ಯಾಯಾಮದಿಂದ ಹಳೆಯ ಆಸ್ಪತ್ರೆ ದಾಖಲೆ ಅಳಿಸುವುದಿಲ್ಲ, ಅಲ್ವಾ?

ಹೀಗೆ ನುಸುಳಿದವರಲ್ಲಿ ಕೆನಡಿ ಒಬ್ಬರೇ ಅಲ್ಲ. ಮುಂದೆ ಅಧ್ಯಕ್ಷರಾದ ಹ್ಯಾರಿ ಟ್ರೂಮನ್ ಅವರ ಕಣ್ಣು ಬಹಳ ಮಂದ. 1905ರಲ್ಲಿ ಮಿಸೌರಿಯ ನ್ಯಾಷನಲ್ ಗಾರ್ಡ್ ಸೇರಲು ಕಣ್ಣಿನ ಪರೀಕ್ಷೆಯ ಚಾರ್ಟನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಆದರೆ ಒಂದು ವ್ಯತ್ಯಾಸ ಇದೆ. ಟ್ರೂಮನ್ ಮೂಗಿನ ಮೇಲೆ ದಪ್ಪ ಕನ್ನಡಕ ಕೂತಿತ್ತು. ಅವರ ಕೆಳಗೆ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಅವರ ತೊಂದರೆ ಕಾಣುತ್ತಿತ್ತು. ಕರುಳು, ಬೆನ್ನು ಹಾಗೆ ಕಾಣುವುದಿಲ್ಲ.

ಅಪೀಲು ಬೇರೆ, ವೇವರ್ ಬೇರೆ

ಕನ್ನಡ ಓದುಗರಿಗೆ ಇಲ್ಲಿ ಗೊಂದಲ ಆಗುವುದು ಸಹಜ. ನಮ್ಮ ದೇಶದ ವ್ಯವಸ್ಥೆಯಲ್ಲಿ ಎಸ್‌ಎಸ್‌ಬಿ, ಅಂದರೆ ಸೈನ್ಯದ ಅಧಿಕಾರಿಗಳ ಆಯ್ಕೆಯ ಸಂದರ್ಶನ, ಪಾಸಾದ ಹುಡುಗನನ್ನು ಮೆಡಿಕಲ್ ಬೋರ್ಡ್ ಅನ್‌ಫಿಟ್ ಎಂದರೆ ಅವನು ಅಪೀಲ್ ಮೆಡಿಕಲ್ ಬೋರ್ಡ್‌ಗೆ ಹೋಗಬಹುದು. ಅದರ ಮೇಲೆ ರಿವ್ಯೂ ಮೆಡಿಕಲ್ ಬೋರ್ಡ್ ಇದೆ. ಆದರೆ ಆ ಬೋರ್ಡ್‌ಗಳು ನೋಡುವುದು ಒಂದನ್ನೇ: ಈ ಹುಡುಗ ನಿಯಮದ ಅಳತೆಗೆ ಬರುತ್ತಾನಾ ಇಲ್ಲವಾ? ಮೊದಲ ಬೋರ್ಡ್ ತಪ್ಪು ನೋಡಿರಬಹುದು. ಇಲ್ಲವೇ ನಡುವೆ ಆಪರೇಷನ್ ಮಾಡಿಸಿಕೊಂಡು ತೊಂದರೆ ಸರಿ ಮಾಡಿಕೊಂಡಿರಬಹುದು. ಆಗ ಫಿಟ್. ಮೂಗಿನ ಮೂಳೆ ಸೊಟ್ಟ ಇದ್ದವರು ಆಪರೇಷನ್ ಮಾಡಿಸಿಕೊಂಡು ಅಪೀಲಿಗೆ ಹೋಗುವುದು ಹೀಗೆಯೇ.

ಅಮೆರಿಕದ ವೇವರ್ ಇದಲ್ಲ. ಅಲ್ಲಿ "ಅಳತೆಗೆ ಬರುವುದಿಲ್ಲ" ಎಂಬ ತೀರ್ಮಾನ ಹಾಗೆಯೇ ನಿಲ್ಲುತ್ತದೆ. ಅದನ್ನು ಯಾರೂ ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸಹಿ ಬೀಳುತ್ತದೆ: ಇಷ್ಟಿದ್ದರೂ ಇವರನ್ನು ತೆಗೆದುಕೊಳ್ಳುವ ಜವಾಬ್ದಾರಿ ನಮ್ಮದು. ಪರೀಕ್ಷೆ ಮಾಡುವ ವೈದ್ಯರಿಗೆ ಆ ಅಧಿಕಾರ ಇಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ, ಹೀಗೆ ಆಯಾ ಪಡೆಯ ವೇವರ್ ಅಧಿಕಾರಿಗಳು ಅದನ್ನು ನಿರ್ಧರಿಸುತ್ತಾರೆ. ಹೀಗಾಗಿಯೇ ಒಂದೇ ಫೈಲಿಗೆ ಒಂದು ಪಡೆ ಇಲ್ಲ ಅಂದು ಇನ್ನೊಂದು ಹೂಂ ಅನ್ನುವುದು ಸಾಧ್ಯ.

ಕೆನಡಿ ಪ್ರಕರಣ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಮೊದಲ ವೈದ್ಯರು ತಪ್ಪು ನೋಡಿದ್ದರು ಎಂದು ಯಾರೂ ತೋರಿಸಲಿಲ್ಲ. ತೊಂದರೆ ಇದ್ದರೂ ಪರವಾಗಿಲ್ಲ ಎಂದೂ ಯಾರೂ ಬರೆಯಲಿಲ್ಲ. ತೊಂದರೆಯೇ ಇಲ್ಲ ಎಂದಾಯಿತು.

ಮೇಜಿನ ಕೆಲಸದಿಂದ ಯುದ್ಧದೋಣಿಗೆ

ಈ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. ಪೂರ್ತಿ ಪ್ರಕರಣದಲ್ಲಿ ಜನ ಜಾಸ್ತಿ ಗಮನಿಸದೆ ದಾಟಿಹೋಗುವ ಭಾಗವೂ ಇದೇ.

1941ರ ಕೊನೆಯಲ್ಲಿ ಕೆನಡಿಗೆ ಸಿಕ್ಕಿದ್ದು ವಾಷಿಂಗ್ಟನ್‌ನಲ್ಲಿ ಗುಪ್ತಚರ ವಿಭಾಗದ ಕೆಲಸ. ಬಂದ ವರದಿಗಳನ್ನು ಓದುವುದು, ಸಾರ ಬರೆಯುವುದು. ಕುರ್ಚಿ, ಮೇಜು, ನಗರದ ಮನೆ, ಹತ್ತಿರದಲ್ಲೇ ಆಸ್ಪತ್ರೆ. ನಿಜ ಹೇಳಬೇಕಂದರೆ ಈ ಕೆಲಸಕ್ಕೆ ಅವರ ಬೆನ್ನು ಸಾಕಿತ್ತು. ಅಂದಿನ ವೈದ್ಯರೊಬ್ಬರು ಫೈಲನ್ನು ಪೂರ್ತಿ ಓದಿ "ಸಮುದ್ರಕ್ಕೆ ಕಳಿಸಬೇಡಿ, ಕಚೇರಿ ಕೆಲಸಕ್ಕೆ ಸರಿ" ಎಂದು ಬರೆದಿದ್ದರೆ ಅದು ಒಳ್ಳೆಯ ವೇವರ್ ಆಗುತ್ತಿತ್ತು. ಅವರ ತಲೆ ದೇಶಕ್ಕೆ ಉಪಯೋಗ ಆಗುತ್ತಿತ್ತು, ಬೆನ್ನಿಗೆ ಭಾರ ಬೀಳುತ್ತಿರಲಿಲ್ಲ. ಮಿತ ಸೇವೆಗೆ ಮಾತ್ರ ಸೈ ಅನ್ನುವ ವರ್ಗ ಆ ಕಾಲದ ಕಡ್ಡಾಯ ಸೇವೆಯ ವ್ಯವಸ್ಥೆಯಲ್ಲೇ ಇತ್ತು.

ಆದರೆ ಹಾಗೆ ಬರೆಯಲು ಮೊದಲು ಕಾಯಿಲೆಯನ್ನು ಬರೆಯಬೇಕು. ಅದನ್ನೇ ಬರೆಯದಿದ್ದಾಗ ಮಿತಿಯನ್ನು ಎಲ್ಲಿ ಬರೆಯುವುದು? ಕಾಗದದ ಮೇಲೆ ಕೆನಡಿ ಪೂರ್ತಿ ಆರೋಗ್ಯವಂತ. ಅಂಥವರನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಅವರೂ ಎಲ್ಲಿಗೆ ಬೇಕಾದರೂ ಹೋಗಲು ಕೇಳಬಹುದು.

ಕೇಳಿದರು. 1942ರ ಜನವರಿಯಲ್ಲಿ ಅವರನ್ನು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ವರ್ಗ ಮಾಡಿದರು. ಅಲ್ಲಿ ಬೆನ್ನು ಕೈಕೊಟ್ಟಿತು. ನೌಕಾಪಡೆಯ ಆಸ್ಪತ್ರೆಗಳಲ್ಲಿ, ಮೊದಲು ಚಾರ್ಲ್ಸ್‌ಟನ್‌ನಲ್ಲಿ, ಆಮೇಲೆ ಬಾಸ್ಟನ್ ಹತ್ತಿರದ ಚೆಲ್ಸಿಯಲ್ಲಿ, ದಾಖಲಾದರು. ಆಪರೇಷನ್ ಮಾತೂ ಬಂದಿತ್ತು, ಸದ್ಯಕ್ಕೆ ಬೇಡ ಎಂದಾಯಿತು. ಇದಾದ ಕೂಡಲೇ, 1942ರ ಜುಲೈನಲ್ಲಿ, ಷಿಕಾಗೋದಲ್ಲಿ ಸಮುದ್ರ ಸೇವೆಯ ತರಬೇತಿಗೆ ಹೋದರು. ಅಲ್ಲಿಂದ ಪಿಟಿ ದೋಣಿಗಳಿಗೆ.

ಪಿಟಿ ಅಂದರೆ ಟಾರ್ಪೀಡೊ ಹೊತ್ತು ಗಸ್ತು ತಿರುಗುವ ದೋಣಿ. ಸುಮಾರು 80 ಅಡಿ ಉದ್ದ, ಮರದ ಮೈ, ಮೂರು ಪ್ಯಾಕರ್ಡ್ ಎಂಜಿನ್. 40 ನಾಟ್ ಹತ್ತಿರದ ವೇಗದಲ್ಲಿ ಓಡುತ್ತಿತ್ತು, ಅಂದರೆ ಗಂಟೆಗೆ 70 ಕಿಲೋಮೀಟರಿಗೂ ಮೇಲೆ. ಅಲೆಯಿಂದ ಅಲೆಗೆ ಎಗರಿ ಬೀಳುತ್ತಿತ್ತು. ಹೊಂಡ ಬಿದ್ದ ರಸ್ತೆಯಲ್ಲಿ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ರಾತ್ರಿಯಿಡೀ ಪ್ರಯಾಣ ಮಾಡಿದವರಿಗೆ ಅದರ ಅಂದಾಜು ಸಿಗಬಹುದು. ಬೆನ್ನುನೋವಿನವರಿಗೆ ನೌಕಾಪಡೆಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಕೆನಡಿ ಹಾಸಿಗೆಯ ಕೆಳಗೆ ಪ್ಲೈವುಡ್ ಹಲಗೆ ಇಟ್ಟುಕೊಂಡು ಮಲಗುತ್ತಿದ್ದರು.

ಇಲ್ಲೂ ತಂದೆಯ ಕೈ ಇತ್ತು. ಪಿಟಿ ದೋಣಿಗಳಿಂದ ಹೆಸರಾಗಿದ್ದ ಜಾನ್ ಬಲ್ಕ್‌ಲಿ ಅವರನ್ನು ನ್ಯೂಯಾರ್ಕ್‌ನ ಹೋಟೆಲಿಗೆ ಕರೆಸಿಕೊಂಡು ಜೋಸೆಫ್ ಕೆನಡಿ ಮಗನ ಬಗ್ಗೆ ಮಾತಾಡಿದ್ದರು. ರೋಡ್ ಐಲೆಂಡಿನ ಮೆಲ್ವಿಲ್‌ನಲ್ಲಿ ತರಬೇತಿ ಮುಗಿದ ಮೇಲೆ ಅಲ್ಲೇ ಕಲಿಸುವ ಕೆಲಸಕ್ಕೆ ಕೆನಡಿಯನ್ನು ಉಳಿಸಿಕೊಂಡರು. ಅದನ್ನು ಒಪ್ಪದೆ ಅವರು ಮ್ಯಾಸಚೂಸೆಟ್ಸ್‌ನ ಸೆನೆಟರ್ ಡೇವಿಡ್ ವಾಲ್ಷ್ ಮೂಲಕ ಹೇಳಿಸಿಕೊಂಡು ಯುದ್ಧ ನಡೆಯುವ ಜಾಗಕ್ಕೆ ವರ್ಗ ಪಡೆದರು. ವಾಲ್ಷ್ ಸೆನೆಟ್‌ನ ನೌಕಾ ವ್ಯವಹಾರಗಳ ಸಮಿತಿಯ ಅಧ್ಯಕ್ಷರು. ವಶೀಲಿ ಹಚ್ಚಿ ಯುದ್ಧ ತಪ್ಪಿಸಿಕೊಂಡವರ ಕಥೆ ಪ್ರತಿ ದೇಶದಲ್ಲೂ ಸಿಗುತ್ತದೆ. ವಶೀಲಿ ಹಚ್ಚಿ ಯುದ್ಧಕ್ಕೆ ಹೋದವರು ಅಪರೂಪ. ಕೆನಡಿಯ ಧೈರ್ಯವನ್ನು ಯಾರೂ ಪ್ರಶ್ನೆ ಮಾಡಲಾರರು.

1943ರ ಏಪ್ರಿಲ್‌ನಲ್ಲಿ ಸಾಲೊಮನ್ ದ್ವೀಪಗಳಲ್ಲಿ ಪಿಟಿ-109ರ ಕಮಾಂಡ್ ಸಿಕ್ಕಿತು.

ಆಗಸ್ಟ್ 2, 1943

ನಡುರಾತ್ರಿ ಕಳೆದ ಮೇಲೆ ಬ್ಲ್ಯಾಕೆಟ್ ಜಲಸಂಧಿಯಲ್ಲಿ ಜಪಾನಿನ ಅಮಾಗಿರಿ ಎಂಬ ಡಿಸ್ಟ್ರಾಯರ್ ಹಡಗು ಪಿಟಿ-109ಕ್ಕೆ ಗುದ್ದಿ ಎರಡು ಹೋಳು ಮಾಡಿತು. ದೋಣಿಯಲ್ಲಿ ಇದ್ದವರು 13 ಜನ. ಇಬ್ಬರು ಸತ್ತರು. ಕೆನಡಿ ಬೆನ್ನಡಿಯಾಗಿ ಬಿದ್ದರು. ಉಳಿದವರು ತೇಲುತ್ತಿದ್ದ ಮುರುಕನ್ನು ಹಿಡಿದು ಮಧ್ಯಾಹ್ನದವರೆಗೆ ಕಾದರು. ಆಮೇಲೆ ಈಜಲು ಶುರು ಮಾಡಿದರು.

ಪ್ಯಾಟ್ರಿಕ್ ಮೆಕ್‌ಮಹನ್ ಎಂಬ ಎಂಜಿನ್ ಕೆಲಸದವರಿಗೆ ಮೈ ಸುಟ್ಟು ಈಜಲು ಆಗುತ್ತಿರಲಿಲ್ಲ. ಅವರ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಕೆನಡಿ ಹಲ್ಲಿನಲ್ಲಿ ಕಚ್ಚಿ ಹಿಡಿದು ಎಳೆದುಕೊಂಡು ಹೋದರು. ಮೂರೂವರೆ ಮೈಲಿ, ಸುಮಾರು ನಾಲ್ಕು ಗಂಟೆ. ದಡ ಸೇರಿದ ರಾತ್ರಿಯೇ ಹಾದುಹೋಗುವ ಅಮೆರಿಕದ ದೋಣಿ ಸಿಗಬಹುದೆಂದು ಮತ್ತೆ ಒಬ್ಬರೇ ನೀರಿಗಿಳಿದರು. ಕೊನೆಗೆ ಅವರನ್ನು ಕಂಡವರು ಬಿಯುಕು ಗಾಸಾ ಮತ್ತು ಎರೋನಿ ಕುಮಾನಾ ಎಂಬ ಇಬ್ಬರು ಸ್ಥಳೀಯ ಯುವಕರು. ಕೆನಡಿ ತೆಂಗಿನ ಚಿಪ್ಪಿನ ಮೇಲೆ ಕೊರೆದು ಕೊಟ್ಟ ಸಂದೇಶವನ್ನು ಅವರು ಹೊತ್ತೊಯ್ದರು. ಆಗಸ್ಟ್ 8ರಂದು 11 ಜನರೂ ಪಾರಾದರು.

ಇದನ್ನು ಓದಿದ ಮೇಲೆ ಬಹಳ ಜನ ಹೇಳುವ ಮಾತು ಒಂದೇ: ನೋಡಿ, ಮೆಡಿಕಲ್‌ನವರು ತಪ್ಪು, ಕೆನಡಿ ಸರಿ. ನಾನು ಒಪ್ಪುವುದಿಲ್ಲ. ಡಿಕ್ಕಿಗೆ ಕೆನಡಿಯ ಬೆನ್ನು ಕಾರಣ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಆ ನಾಲ್ಕು ಗಂಟೆಯಲ್ಲಿ ಬೆನ್ನು ಹಿಡಿದುಕೊಂಡಿದ್ದರೆ? ಹಿಡಿದುಕೊಳ್ಳಲಿಲ್ಲ, ಅದು ಅದೃಷ್ಟ. ಪಟ್ಟಿಯ ಆ ಕಡೆ ಇದ್ದ ಮೆಕ್‌ಮಹನ್ ಅವರಿಗೆ ತಮ್ಮ ಜೀವ ಎಂಥ ಬೆನ್ನಿನ ಮೇಲೆ ನಿಂತಿದೆ ಎಂದು ತಿಳಿದುಕೊಳ್ಳುವ ಹಕ್ಕಿತ್ತು. ಕಡೇಪಕ್ಷ ಅವರ ಪರವಾಗಿ ನೌಕಾಪಡೆಗಾದರೂ ಗೊತ್ತಿರಬೇಕಿತ್ತು. ಒಳ್ಳೆಯ ಫಲ ಬಂತು ಅನ್ನುವುದರಿಂದ ತೀರ್ಮಾನ ಒಳ್ಳೆಯದಾಗುವುದಿಲ್ಲ.

ಐದು ಪ್ರಶ್ನೆಗಳು

ಇಂದು ಅಮೆರಿಕದ ರಕ್ಷಣಾ ಇಲಾಖೆಯ 6130.03 ಸಂಖ್ಯೆಯ ನಿರ್ದೇಶನ ಸೇರ್ಪಡೆಯ ವೈದ್ಯಕೀಯ ನಿಯಮಗಳನ್ನು ಹೇಳುತ್ತದೆ. ಉದ್ದದ ಕಾಯಿಲೆ ಪಟ್ಟಿ ನೋಡಿ ಜನ ಹೆದರುತ್ತಾರೆ. ಆದರೆ ಅದರ ಬುಡದಲ್ಲಿರುವುದು ಐದೇ ವಿಷಯ. ಇವರಿಂದ ಬೇರೆಯವರಿಗೆ ರೋಗ ಹರಡುತ್ತದಾ? ಚಿಕಿತ್ಸೆಗೆಂದು ಕೆಲಸದಿಂದ ಜಾಸ್ತಿ ದಿನ ದೂರ ಉಳಿಯಬೇಕಾಗುತ್ತದಾ? ತರಬೇತಿ ಮುಗಿಸಬಲ್ಲರಾ? ಯಾವ ಊರಿಗೆ, ಯಾವ ಹವೆಗೆ ಕಳಿಸಿದರೂ ಹೊಂದಿಕೊಳ್ಳುತ್ತಾರಾ? ಈ ಕೆಲಸದಿಂದಲೇ ಇವರ ಕಾಯಿಲೆ ಉಲ್ಬಣ ಆಗುತ್ತದಾ?

ಕೆನಡಿಗೆ ಹಚ್ಚಿ ನೋಡಿ. ಮೊದಲನೆಯದು ತೊಂದರೆಯಿಲ್ಲ. ತರಬೇತಿಯನ್ನೂ ಮುಗಿಸಿದರು. ಎರಡನೆಯದಕ್ಕೆ 1942ರ ಆಸ್ಪತ್ರೆ ವಾಸವೇ ಉತ್ತರ. ನಾಲ್ಕನೆಯದು ಕರುಳಿನ ಪ್ರಶ್ನೆ. ಹುಟ್ಟಿದ ಊರಿನಲ್ಲಿ, ಅಡುಗೆಯವರು ಪಥ್ಯ ಮಾಡಿ ಬಡಿಸುವ ಮನೆಯಲ್ಲೇ ಸರಿಯಿಲ್ಲದ ಹೊಟ್ಟೆ ಉಷ್ಣವಲಯದ ದ್ವೀಪದಲ್ಲಿ ಡಬ್ಬಿ ಊಟದ ಮೇಲೆ ಹೇಗೆ ಇರುತ್ತದೆ?

ಐದನೆಯದೇ ನಿಜವಾದ ಪ್ರಶ್ನೆ. 1944ರ ಆರಂಭದಲ್ಲಿ ಕೆನಡಿ ಅಮೆರಿಕಕ್ಕೆ ಮರಳಿದರು, ಅದಕ್ಕೂ ಮುಂಚೆ ಪಿಟಿ-59 ಎಂಬ ಇನ್ನೊಂದು ದೋಣಿಯನ್ನೂ ನಡೆಸಿದ್ದರು. ಮೈ ಸೊರಗಿತ್ತು. ಜೂನ್‌ನಲ್ಲಿ ಬಾಸ್ಟನ್‌ನಲ್ಲಿ ಬೆನ್ನಿನ ಆಪರೇಷನ್ ಆಯಿತು. ಗುಣ ಆಗಲಿಲ್ಲ. ಆಸ್ಪತ್ರೆಗಳ ನಡುವೆ ಓಡಾಡುತ್ತಿರುವಾಗಲೇ ಆಗಸ್ಟ್‌ನಲ್ಲಿ ಅಣ್ಣ ಜೋ ವಿಮಾನ ಸ್ಫೋಟದಲ್ಲಿ ತೀರಿಕೊಂಡರು. 1945ರ ಮಾರ್ಚ್ 1ರಂದು ದೈಹಿಕ ಅಸಮರ್ಥತೆಯ ಕಾರಣಕ್ಕೆ ನೌಕಾಪಡೆ ಕೆನಡಿಯನ್ನು ನಿವೃತ್ತಿ ಮಾಡಿತು. 1947ರಲ್ಲಿ ಲಂಡನ್‌ನಲ್ಲಿ ಅಡಿಸನ್ ಕಾಯಿಲೆ ಗೊತ್ತಾಯಿತು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸುವ ಕಾಯಿಲೆ ಅದು. 1954ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಮತ್ತೆ ಬೆನ್ನಿನ ಆಪರೇಷನ್ ಆದಾಗ ಸೋಂಕು ತಗಲಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಅಡಿಸನ್ ಇದ್ದವರಿಗೆ ದೊಡ್ಡ ಆಪರೇಷನ್ ಮಾಡುವುದು ಅಂದು ಎಷ್ಟು ಅಪರೂಪ ಅಂದರೆ, 1955ರಲ್ಲಿ ಒಂದು ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ವೈದ್ಯರು ಇದನ್ನು ಪ್ರಕಟಿಸಿದರು. ಅಲ್ಲಿ ಹೆಸರಿಲ್ಲ, "37 ವರ್ಷದ ಒಬ್ಬ ಪುರುಷ" ಎಂದಷ್ಟೇ ಇದೆ.

ಇದೆಲ್ಲವೂ ಯುದ್ಧದಿಂದಲೇ ಆಯಿತು ಎಂದು ಹೇಳಲಾಗದು. ಬೆನ್ನಿನ ತೊಂದರೆ ಮೊದಲೇ ಇತ್ತು, ದೋಣಿ ಅದಕ್ಕೆ ಎಷ್ಟು ಸೇರಿಸಿತು ಎಂದು ಬಿಡಿಸಿ ನೋಡಲು ಪ್ರವೇಶದ ದಿನದ ನಿಜವಾದ ವರದಿ ಬೇಕು. ಆ ವರದಿಯೇ ಖಾಲಿ. ಮುಚ್ಚಿಟ್ಟಿದ್ದರ ನಷ್ಟ ರೋಗಿಗೂ ತಟ್ಟುವುದು ಹೀಗೆ. 1942ರಲ್ಲಿ ಅವರನ್ನು ನೋಡಿದ ನೌಕಾಪಡೆಯ ವೈದ್ಯರ ಮುಂದೆ 1934ರಿಂದ ಶುರುವಾದ ಪೂರ್ತಿ ಚರಿತ್ರೆ ಇದ್ದಿದ್ದರೆ, ಜುಲೈನಲ್ಲಿ ಸಮುದ್ರ ತರಬೇತಿಗೆ ಅಷ್ಟು ಸಲೀಸಾಗಿ ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ಇವತ್ತು ಇದೇ ಫೈಲ್ ಬಂದರೆ

ಕೆನಡಿಯ ದಾರಿ ಇವತ್ತು ಬಹುಮಟ್ಟಿಗೆ ಮುಚ್ಚಿದೆ. ಸೇರುವವರು ರಿಕ್ರೂಟರ್ ಬಳಿ ಮೊದಲು ಆರೋಗ್ಯದ ಫಾರಂ ತುಂಬುತ್ತಾರೆ. ಆಮೇಲೆ ಮೆಪ್ಸ್ ಎಂದು ಕರೆಯುವ ಸೇರ್ಪಡೆ ಕೇಂದ್ರದಲ್ಲಿ ದಿನವಿಡೀ ಪರೀಕ್ಷೆ. 2022ರಿಂದ ಅಲ್ಲಿ ಎಂಎಚ್‌ಎಸ್ ಜೆನೆಸಿಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಹೊರಗಿನ ಆಸ್ಪತ್ರೆಗಳ ದಾಖಲೆ, ಔಷಧಿ ಚೀಟಿಗಳ ವಿವರ ಅದರಲ್ಲಿ ತೆರೆದುಕೊಳ್ಳುತ್ತದೆ. ಬೇಕೆಂದೇ ಮುಚ್ಚಿಟ್ಟು ಸೇರಿದರೆ ಅದು ಸೈನಿಕ ಕಾನೂನಿನಲ್ಲಿ ಅಪರಾಧ. ಆದರೂ "ಅದೆಲ್ಲ ಬರೆಯಬೇಡ, ಸುಮ್ನೆ ಇಲ್ಲ ಅನ್ನು" ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಸಿಕ್ಕಿಬಿದ್ದಾಗ ಅನುಭವಿಸುವುದು ಸಹಿ ಹಾಕಿದ ಹುಡುಗನೇ ಹೊರತು ಹೇಳಿಕೊಟ್ಟವರಲ್ಲ.

ಅಮೆರಿಕದಲ್ಲಿ ಬೆಳೆದ ನಮ್ಮವರ ಮಕ್ಕಳೂ ಈ ಬಾಗಿಲಿಗೆ ಬರುತ್ತಾರೆ. ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಇದ್ದರೆ ಅರ್ಜಿ ಹಾಕಬಹುದು. ಇಂಥ ಮನೆಗಳಲ್ಲಿ ಎದುರಾಗಬಹುದಾದ ಒಂದು ತೊಡಕು ಉಬ್ಬಸದ್ದು. 13ನೇ ಹುಟ್ಟುಹಬ್ಬದ ನಂತರ ಉಬ್ಬಸ ಇತ್ತು ಎಂದಾದರೆ ನಿಯಮದ ಪ್ರಕಾರ ಅನರ್ಹ. ಹೈಸ್ಕೂಲಿನಲ್ಲಿ ಕೆಮ್ಮು ಬಂದಾಗ ವೈದ್ಯರು ಇರಲಿ ಎಂದು ಒಂದು ಇನ್‌ಹೇಲರ್ ಬರೆದಿರುತ್ತಾರೆ. ಮನೆಯವರಿಗೆ ಅದು ನೆನಪೂ ಇರುವುದಿಲ್ಲ, ಕಂಪ್ಯೂಟರ್‌ನಲ್ಲಿ ಇರುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಮೈಸೂರಿನಲ್ಲೋ ಮಂಗಳೂರಿನಲ್ಲೋ ತೋರಿಸಿದ್ದರೆ ಆ ಚೀಟಿ ಅಮೆರಿಕದ ಕಂಪ್ಯೂಟರ್‌ನಲ್ಲಿ ಇಲ್ಲದಿರಬಹುದು. ಫಾರಂನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಅದನ್ನೂ ಸೇರಿಸಿಯೇ ಕೊಡಬೇಕು.

ವೇವರ್ ಕೇಳುವಾಗ "ನಾನು ಚೆನ್ನಾಗಿದ್ದೇನೆ" ಎಂಬ ಮಾತಿಗೆ ತೂಕ ಕಡಿಮೆ. ಹಳೆಯ ದಾಖಲೆ ಒಂದೂ ಬಿಡದೆ ತರಿಸಬೇಕು. ಆಗ ವೈದ್ಯರು ಯಾಕೆ ಆ ಔಷಧಿ ಕೊಟ್ಟರು, ಯಾವಾಗ ನಿಲ್ಲಿಸಿದರು ಅನ್ನುವುದು ಅದರಲ್ಲಿ ಕಾಣಬೇಕು. ತಜ್ಞ ವೈದ್ಯರ ಹೊಸ ವರದಿ ಬೇಕು. ಉಬ್ಬಸವಾದರೆ ಶ್ವಾಸಕೋಶದ ಪರೀಕ್ಷೆ, ಬೆನ್ನಾದರೆ ಸ್ಕ್ಯಾನ್, ಜೊತೆಗೆ ದೇಹ ಈಗ ಏನು ಮಾಡಬಲ್ಲದು ಎಂಬ ವಿವರ. ಕ್ರೀಡೆ, ಓಟ, ಭಾರ ಎತ್ತುವ ಕೆಲಸ ಮಾಡುತ್ತಿದ್ದರೆ ಅದನ್ನೂ ಹೇಳಬಹುದು. ಆಯ್ಕೆ ಮಾಡಿಕೊಂಡ ಕೆಲಸಕ್ಕೂ ತೊಂದರೆಗೂ ಏನು ಸಂಬಂಧ ಎಂದು ಮೊದಲೇ ಯೋಚಿಸಿರಬೇಕು. ಒಂದು ಕಾಲದಲ್ಲಿ ಬೆನ್ನುನೋವಿಗೆ ಚಿಕಿತ್ಸೆ ಪಡೆದವರು ಪ್ಯಾರಾಚೂಟ್ ದಳಕ್ಕೇ ಹೋಗುತ್ತೇನೆ ಎಂದು ಹಟ ಹಿಡಿದರೆ ಫೈಲ್ ಓದುವವರು ಹಿಂಜರಿಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ.

ಕೆನಡಿಯ ಪೂರ್ತಿ ಫೈಲ್ ಇಂದು ಬಂದರೆ ವೇವರ್ ಸಿಗುತ್ತದಾ? ಅಡಿಸನ್ ಸೇರಿಸಿದರೆ ಖಂಡಿತ ಕಷ್ಟ. ಅಡ್ರಿನಲ್ ತೊಂದರೆ ಇದ್ದವರಿಗೆ ದಿನವೂ ಔಷಧಿ ಬೇಕು, ಗಾಯವಾದಾಗ ಇನ್ನೂ ಜಾಸ್ತಿ ಬೇಕು, ಸರಬರಾಜು ನಿಂತರೆ ಜೀವ ಹೋಗುತ್ತದೆ. 1941ರಲ್ಲಿ ಗೊತ್ತಿದ್ದಷ್ಟನ್ನೇ, ಅಂದರೆ ಕರುಳು ಮತ್ತು ಬೆನ್ನನ್ನು, ಮುಂದಿಟ್ಟರೂ ಯುದ್ಧದೋಣಿಗೆ ಇಲ್ಲ ಅನ್ನುತ್ತಾರೆ ಎಂಬುದು ನನ್ನ ಅಂದಾಜು. ಇಂದಿನ ಸೈನ್ಯ ಎಲ್ಲಿಗೆ ಬೇಕಾದರೂ ಹೋಗಬಲ್ಲವರನ್ನೇ ಬಯಸುತ್ತದೆ, ಹಾಗಾಗಿ ಮೇಜಿನ ಕೆಲಸಕ್ಕೂ ಅನುಮಾನವೇ. 1941ರ ಅಗತ್ಯ ಬೇರೆ. ಯುದ್ಧ ಬಾಗಿಲಲ್ಲಿತ್ತು, ಜನ ಬೇಕಿತ್ತು, ಗುಪ್ತಚರ ವಿಭಾಗಕ್ಕೆ ಯುರೋಪ್ ನೋಡಿ ಬಂದ, ಬರೆಯಬಲ್ಲ ಯುವಕರು ಬೇಕಿದ್ದರು. ಅಂದು ಪ್ರಾಮಾಣಿಕವಾಗಿ ಕೇಳಿದ್ದರೆ ಆ ಕೆಲಸಕ್ಕೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ವೇವರ್ ಪಡೆದವರು ತಿಳಿದಿರಬೇಕಾದ ಇನ್ನೊಂದು ವಿಷಯ ಉಳಿದಿದೆ. ಅಮೆರಿಕದ ಕಾನೂನಿನ ಪ್ರಕಾರ ಸೇರುವಾಗ ಪರೀಕ್ಷೆಯಲ್ಲಿ ಬರೆಯದ ಕಾಯಿಲೆ ಆಮೇಲೆ ಕಾಣಿಸಿಕೊಂಡರೆ, ಸೇರುವ ದಿನ ಆ ಮನುಷ್ಯ ಆರೋಗ್ಯವಾಗಿದ್ದ ಎಂದೇ ಹಿಡಿಯುತ್ತಾರೆ. ಅಲ್ಲ ಎಂದು ತೋರಿಸುವ ಹೊರೆ ಸರ್ಕಾರದ್ದು. ವೇವರ್‌ನಲ್ಲಿ ಬರೆದ ಕಾಯಿಲೆಗೆ ಈ ರಕ್ಷಣೆ ಇಲ್ಲ. ಮುಂದೆ ಅದೇ ಬೆನ್ನಿಗೆ ಪರಿಹಾರ ಕೇಳಬೇಕಾದರೆ ಸೇವೆಯಿಂದ ಅದು ಹೆಚ್ಚಾಯಿತು ಎಂದು ತೋರಿಸಬೇಕು. ಪ್ರಾಮಾಣಿಕರಿಗೆ ಇದು ಭಾರವೇ, ಒಪ್ಪುತ್ತೇನೆ. ಅದಕ್ಕೇ ಸೇರುವ ದಿನದ ವರದಿ, ಸ್ಕ್ಯಾನ್, ತಜ್ಞರ ಪತ್ರ ಎಲ್ಲದರ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಸೇವೆಯಲ್ಲಿ ನೋವು ಬಂದ ಪ್ರತಿ ಸಲ ವೈದ್ಯರ ಬಳಿ ಹೋಗಿ ಬರೆಸಿ. ಸೇರಿದ ದಿನ ಬೆನ್ನು ಹೇಗಿತ್ತು, ಹೊರಬಂದ ದಿನ ಹೇಗಾಯಿತು ಎಂದು ತೋರಿಸಲು ಅವೇ ಸಾಕ್ಷಿ.